ರಕ್ತ ಕೇಳ್ತೀರಿ, ಹಲ್ಲುನೋವು ಕೇಳಲ್ಲ

"ಡಾಕ್ಟ್ರೇ, ಆರು ತಿಂಗಳಿಗೊಂದ್ಸಲ ತಪ್ಪದೆ ರಕ್ತ ತಗೊಳ್ತೀರಿ. ಹಲ್ಲು ನೋಯ್ತಿದೆ ಅಂದ್ರೆ ಮಾತ್ರ ದೊಡ್ಡಾಸ್ಪತ್ರೆಗೆ ಹೋಗು ಅಂತೀರಿ."

ಮೆಜೆಸ್ಟಿಕ್ ಸುತ್ತ ರಾತ್ರಿ ಹೊತ್ತು ಗಿರಾಕಿಗಾಗಿ ಕಾಯುವ ಹೆಂಗಸರನ್ನು ನೋಡುವ ಕ್ಲಿನಿಕ್ಕಿಗೆ ಸೇರಿದ ಹೊಸದರಲ್ಲಿ ಒಬ್ಬರು ನನಗೆ ಹೀಗೆ ಬೈದಿದ್ದರು. ಬೈದದ್ದು ಸರಿಯೇ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮೈಸೂರಿನ ಆಶೋದಯದಂಥ, ಈ ವೃತ್ತಿಯವರೇ ಕಟ್ಟಿಕೊಂಡ ಸಂಘಗಳು ಇದಕ್ಕಾಗಿ ತುಂಬಾ ದುಡಿದಿವೆ. ಆದರೆ ನಮ್ಮ ವ್ಯವಸ್ಥೆಗೆ ಇವರ ಸೊಂಟದ ಕೆಳಗಿನ ಭಾಗವಷ್ಟೇ ಕಾಣುತ್ತದೆ, ಅದೂ ಗಿರಾಕಿಗೆ ರೋಗ ತಗಲದಿರಲಿ ಅಂತ. ಬಿಪಿ, ಶುಗರ್, ನಿದ್ದೆ ಇಲ್ಲದ್ದು, ಕುಡಿತ, ಕಾಲು ಊತ ಇವೆಲ್ಲ ಯಾರ ಲೆಕ್ಕಕ್ಕೂ ಇಲ್ಲ.

ಉರಿಮೂತ್ರದ ವಿಷಯ ಹೇಳುತ್ತೇನೆ. ಒಬ್ಬರಿಗೆ ಮೂರು ಸಲ ಆಂಟಿಬಯಾಟಿಕ್ ಬರೆದುಕೊಟ್ಟೆ, ನಾಲ್ಕನೇ ಸಲವೂ ಅದೇ ಉರಿ ಅಂತ ಬಂದಾಗ ಬುದ್ಧಿ ಬಂದು ರಾತ್ರಿ ಎಲ್ಲಿ ಹೋಗ್ತೀರಿ ಅಂತ ಕೇಳಿದೆ. "ಎಲ್ಲಿಗೂ ಇಲ್ಲ. ದುಡ್ಡು ಕೊಟ್ರೂ ಶೌಚಾಲಯದವನು ಒಳಗೆ ಬಿಡಲ್ಲ. ಸಂಜೆ ಆರರ ಮೇಲೆ ನೀರೇ ಕುಡಿಯಲ್ಲ." ಇದಕ್ಕೆ ನನ್ನ ಮಾತ್ರೆ ಏನು ಮಾಡೀತು?

ಇನ್ನು ದೊಡ್ಡಾಸ್ಪತ್ರೆ. ಓಪಿಡಿ ಬೆಳಗ್ಗೆ. ಇವರು ಮಲಗುವುದೇ ನಾಲ್ಕು ಗಂಟೆಗೆ. ಕಷ್ಟಪಟ್ಟು ಹೋದರೆ ಚೀಟಿ ಮಾಡಿಸುವಲ್ಲೇ ಗಂಡನ ಹೆಸರು, ಆಧಾರ್ ಅಂತ ಶುರು. ನಾನು ಕಳಿಸಿದ ಒಬ್ಬರ ಫೈಲನ್ನು ವಾರ್ಡಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿದರಂತೆ. ಅವರು ಡ್ರಿಪ್ ಕಿತ್ತುಕೊಂಡು ಎದ್ದು ಬಂದರು. ಮತ್ತೆ ಯಾವ ಆಸ್ಪತ್ರೆಗೂ ಹೋಗಿಲ್ಲ.

ಆಧಾರ್‌ಗೆ ಒಂದು ದಾರಿ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಸುಪ್ರೀಂ ಕೋರ್ಟ್ 2022ರ ಮೇ 19ರಂದು ಕೊಟ್ಟ ಆದೇಶದಂತೆ, ವಿಳಾಸದ ದಾಖಲೆ ಇಲ್ಲದಿದ್ದರೂ ಏಡ್ಸ್ ತಡೆಯುವ ಸರ್ಕಾರಿ ಸಂಸ್ಥೆಯಾದ ರಾಜ್ಯ ಏಡ್ಸ್ ಸೊಸೈಟಿಯ ಯೋಜನಾ ನಿರ್ದೇಶಕರ ಪ್ರಮಾಣಪತ್ರದ ಮೇಲೆ ಇವರಿಗೆ ಆಧಾರ್ ಸಿಗಬೇಕು. ವೃತ್ತಿಯ ಸುಳಿವು ಅದರಲ್ಲಿ ಎಲ್ಲೂ ಇರಬಾರದು.

ಕಾಂಡೋಮನ್ನು ಅಪರಾಧಕ್ಕೆ ಸಾಕ್ಷಿ ಅಂತ ನೋಡಬಾರದು ಅಂತಲೂ ಅದೇ ಆದೇಶದಲ್ಲಿದೆ. ನಮ್ಮ ಕಾನೂನಿನಲ್ಲಿ ವಯಸ್ಕ ಹೆಣ್ಣೊಬ್ಬಳು ತನ್ನಿಷ್ಟದಿಂದ ಈ ಕೆಲಸ ಮಾಡುವುದು ಅಪರಾಧ ಅಲ್ಲ, ಆದರೆ ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು ಅಪರಾಧ. ಮನೆ, ಲಾಡ್ಜಿನಲ್ಲಿರುವವರಿಗೆ ಒಂದು ಗೋಡೆಯಾದರೂ ಇದೆ, ಬೀದಿಯವರಿಗೆ ಏನಿದೆ? ಹಾಗಾಗಿ ಇವತ್ತಿಗೂ ಪೊಲೀಸರ ಬ್ಯಾಗ್ ತಪಾಸಣೆಯ ಹೆದರಿಕೆ. ನಾವು ಇಪ್ಪತ್ತು ಕಾಂಡೋಮ್ ಕೊಟ್ಟರೆ ಎರಡು ಇಟ್ಟುಕೊಂಡು ಉಳಿದದ್ದನ್ನು ಟೇಬಲ್ ಮೇಲೇ ಬಿಟ್ಟು ಹೋಗುತ್ತಾರೆ. ಮೂರನೇ ಗಿರಾಕಿ ಬಂದಾಗ ಏನು ಮಾಡ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಈಗ ನಾವು ಮಧ್ಯಾಹ್ನ ಮೂರಕ್ಕೆ ತೆರೆದು ರಾತ್ರಿ ಒಂಬತ್ತರವರೆಗೂ ಇರುತ್ತೇವೆ. ವಾರಕ್ಕೊಮ್ಮೆ ದಂತವೈದ್ಯರೂ ಬರುತ್ತಾರೆ. ಟಾಯ್ಲೆಟ್ ಕೀಲಿಯನ್ನು ಕೇಳದೇ ತಗೊಳ್ಳಲಿ ಅಂತ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ. ಸುಮ್ನೆ ಅದಕ್ಕಂತಲೇ ಬಂದು ಹೋಗುವವರೇ ಜಾಸ್ತಿ.