ಒಂದೇ ಜಾಗ್ವಾರ್ ಅನ್ನು ಎರಡು ದೇಶ ಎಣಿಸಿದರೆ ಹೇಗೆ? ಪರಾನಾ ಕಾಡಿನ ಹಿಂದಿನ ಕಥೆ

ಇಗುವಾಸು ಜಲಪಾತ ಇರುವುದು ಒಂದೇ. ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿ ಮಾತ್ರ ಅದರ ಸುತ್ತಲಿನ ಕಾಡು ಎರಡು ಸಲ ಸಿಗುತ್ತದೆ. ಅರ್ಜೆಂಟೀನಾದ ದಡದ ರಾಷ್ಟ್ರೀಯ ಉದ್ಯಾನ 1984ರಲ್ಲಿ ಪಟ್ಟಿ ಸೇರಿತು, ಬ್ರೆಜಿಲ್ ಕಡೆಯದು 1986ರಲ್ಲಿ. ಎರಡರ ನಡುವೆ ಒಂದು ನದಿ, ಅಷ್ಟೇ. ಆಚೆ ದಡದ ಮರ ಈಚೆಗೂ ಇದೆ, ಹಕ್ಕಿಗಳೂ ಅವೇ. ಆದರೂ ಕಡತ ಬೇರೆ, ಹೆಸರು ಬೇರೆ. ಪಕ್ಕದಲ್ಲೇ ಪರಾಗ್ವೆ ಇದೆ, ಅದರ ಕಾಡಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ.

ಕಾಡು ಉಳಿಸಲು ದೇಶಗಳು ಕೈಜೋಡಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಈ ಮೂರು ದೇಶಗಳ ಕಾಡಿನ ಚರಿತ್ರೆ ಓದಿದರೆ ನನಗೆ ಕಾಣುವುದು ಬೇರೆ. ಸರ್ಕಾರಗಳು ಮೊದಲು ಕೂತು ಮಾತಾಡಿದ್ದು ಕರೆಂಟಿಗಾಗಿ, ನೀರಿಗಾಗಿ. ಕಾಡಿನ ಸರದಿ ಬಂದಿದ್ದು ಕೊನೆಗೆ. ಅದೂ ಪ್ರಾಣಿ ಎಣಿಸುವವರಿಂದ, ಕೋರ್ಟಿನಿಂದ, ಒಂದಿಷ್ಟು ಮಾನ ಹೋಗುವ ಭಯದಿಂದ.

ಪರಾನಾ ಕಾಡು ಅಂದರೆ ಬ್ರೆಜಿಲಿನ ಕರಾವಳಿಯಿಂದ ಒಳಗೆ ಹಬ್ಬಿದ ಅಟ್ಲಾಂಟಿಕ್ ಕಾಡಿನ ಒಳನಾಡಿನ ಭಾಗ. ಪರಾನಾ ನದಿಯ ಮೇಲ್ಭಾಗದಲ್ಲಿ ಹರಡಿಕೊಂಡಿತ್ತು. ಮಕರ ಸಂಕ್ರಾಂತಿ ವೃತ್ತ ಇದರ ಮೂಲಕ ಹಾದುಹೋಗುತ್ತದೆ, ಚಳಿಗಾಲದಲ್ಲಿ ಕೆಲವೊಮ್ಮೆ ಇಬ್ಬನಿ ಹೆಪ್ಪುಗಟ್ಟಿ ಹಿಮವಾಗಿ ಎಲೆ ಸುಡುತ್ತದೆ, ಹಾಗಾಗಿ ಇದು ಉಪೋಷ್ಣವಲಯದ ಕಾಡು. ಮೊದಲು ಸುಮಾರು 4.7 ಲಕ್ಷ ಚದರ ಕಿಲೋಮೀಟರ್ ಇತ್ತು, ಅಂದರೆ ಎರಡು ಕರ್ನಾಟಕಕ್ಕಿಂತ ಜಾಸ್ತಿ. ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್ 2003ರಲ್ಲಿ ಲೆಕ್ಕ ಹಾಕಿದಾಗ ಉಳಿದಿದ್ದು ನೂರಕ್ಕೆ ಎಂಟು ಭಾಗಕ್ಕೂ ಕಡಿಮೆ.

ಎಲ್ಲಿ ಹೋಯಿತು? ಬ್ರೆಜಿಲಿನ ಪರಾನಾ ರಾಜ್ಯದಲ್ಲಿ ಮೊದಲು ಕಾಫಿ ಬಂತು. 1975ರ ಜುಲೈನಲ್ಲಿ ಬಿದ್ದ ಭಾರೀ ಹಿಮಕ್ಕೆ ತೋಟಕ್ಕೆ ತೋಟವೇ ಕರಕಲಾಗಿಹೋಯಿತು. ಕಾಫಿಯ ಜಾಗಕ್ಕೆ ಸೋಯಾ, ಗೋಧಿ, ಟ್ರ್ಯಾಕ್ಟರ್ ಬಂದವು. ಸಣ್ಣ ಹಿಡುವಳಿದಾರರು, ಕೂಲಿಗಳು ಊರು ಬಿಟ್ಟರು, ಎಷ್ಟೋ ಜನ ಅಗ್ಗದ ಜಮೀನು ಹುಡುಕಿಕೊಂಡು ನದಿ ದಾಟಿ ಪರಾಗ್ವೆಗೆ ಹೋದರು. ಅಲ್ಲಿ ಸ್ಟ್ರೋಸ್ನರ್‌ನ ಸರ್ವಾಧಿಕಾರ. ಪೂರ್ವದ ಗಡಿಯ ಕಾಡನ್ನು ವಸಾಹತಿಗೆ ಬಿಟ್ಟುಕೊಡುವುದೇ ಅವನ ಸರ್ಕಾರದ ನೀತಿಯಾಗಿತ್ತು. ಹೀಗೆ ಒಂದು ದೇಶದಲ್ಲಿ ಬಿದ್ದ ಹಿಮಕ್ಕೆ ಇನ್ನೊಂದು ದೇಶದ ಮರ ಉರುಳಿದವು. ಅರ್ಜೆಂಟೀನಾದ ಮಿಸಿಯೋನೆಸ್ ಪ್ರಾಂತ್ಯದಲ್ಲಿ ಮಾತ್ರ ದೊಡ್ಡ ತುಂಡೊಂದು ಉಳಿಯಿತು.

ಇದೇ ಹೊತ್ತಿಗೆ ಪರಾನಾ ನದಿಗೆ ಇಟೈಪು ಅನ್ನುವ ವಿದ್ಯುತ್ ಅಣೆಕಟ್ಟು ಬಂತು. 1973ರಲ್ಲಿ ಬ್ರೆಜಿಲ್ ಮತ್ತು ಪರಾಗ್ವೆ ಒಪ್ಪಂದಕ್ಕೆ ಸಹಿ ಹಾಕಿದವು. ಕೆಳಗಿರುವ ಅರ್ಜೆಂಟೀನಾ ಸುಮ್ನೆ ಇರುತ್ತದೆಯೇ? ವರ್ಷಗಟ್ಟಲೆ ಜಗಳ ನಡೆದು 1979ರಲ್ಲಿ ಮೂರೂ ದೇಶ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ನದಿಯ ಮಟ್ಟ ಎಷ್ಟಿರಬೇಕು, ನೀರು ಹೇಗೆ ಬಿಡಬೇಕು ಅನ್ನುವುದೇ ಅದರ ತಿರುಳು. 1982ರ ಅಕ್ಟೋಬರ್‌ನಲ್ಲಿ ಗೇಟು ಮುಚ್ಚಿದರು. ಎರಡೇ ವಾರದಲ್ಲಿ ಸುಮಾರು 1,350 ಚದರ ಕಿಲೋಮೀಟರ್ ಮುಳುಗಿತು, ಸೆತೆ ಕೆದಾಸ್ ಅನ್ನುವ ದೊಡ್ಡ ಜಲಪಾತವೂ ಮುಳುಗಿತು. ದೋಣಿಗಳಲ್ಲಿ ಹೋಗಿ 36 ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ಹಿಡಿದು ದಡ ಸೇರಿಸಿದರು. ಇಲ್ಲಿನ ಮೂಲನಿವಾಸಿಗಳಾದ ಗುವಾರಾನಿ ಜನರ ಹಳ್ಳಿಗಳು ಮುಳುಗಿದ್ದಕ್ಕೆ ಇಂದಿಗೂ ನ್ಯಾಯ ಕೇಳುತ್ತಿದ್ದಾರೆ.

ಇಲ್ಲೊಂದು ತಮಾಷೆ ಇದೆ. ಜಲಾಶಯದಲ್ಲಿ ಹೂಳು ತುಂಬಬಾರದು ಅಂತ ದಡದುದ್ದಕ್ಕೂ ಮರ ನೆಟ್ಟರು. ಬ್ರೆಜಿಲ್ ಕಡೆಯಲ್ಲೇ ಎರಡು ಕೋಟಿಗೂ ಹೆಚ್ಚು. ಕಾಡು ಮುಳುಗಿಸಿದ ಅಣೆಕಟ್ಟಿನ ಪಕ್ಕದ ಆ ಹಸಿರು ಪಟ್ಟಿಯೇ ಈಗ ಸಾಂತಾ ಮರಿಯಾ ಅನ್ನುವ ಕಾರಿಡಾರ್ ಮೂಲಕ ಇಗುವಾಸು ಉದ್ಯಾನಕ್ಕೆ ಕೂಡಿಕೊಂಡಿದೆ!

ಪರಾಗ್ವೆಯಲ್ಲಿ ಇನ್ನೊಂದು ದಾರಿ. ಮರದ ಕಂಪನಿಯೊಂದು ಸಾಲ ತೀರಿಸದೆ ಕೈಚೆಲ್ಲಿದಾಗ ಅದರ ಕಾಡು ವಿಶ್ವಬ್ಯಾಂಕ್ ಗುಂಪಿನ ಸಾಲ ಸಂಸ್ಥೆಯ ಕೈಗೆ ಬಂದಿತ್ತು. ಪರಿಸರ ಸಂಘಟನೆಗಳು ಹಣ ಕೂಡಿಸಿ ಅದನ್ನು ಕೊಂಡುಕೊಂಡವು, 1991ರಲ್ಲಿ ಕಾನೂನೂ ಆಯಿತು. ಸುಮಾರು 64 ಸಾವಿರ ಹೆಕ್ಟೇರ್‌ನ ಎಂಬರಾಕಾಯು ಅಭಯಾರಣ್ಯ ಹುಟ್ಟಿದ್ದು ಹೀಗೆ. ಅಲ್ಲಿನ ಅಚೇ ಬುಡಕಟ್ಟಿನವರಿಗೆ ತಮ್ಮ ಹಳೆ ಪದ್ಧತಿಯಲ್ಲಿ ಬೇಟೆಯಾಡುವ, ಕಾಡಿನ ಹಣ್ಣು ಹಂಪಲು ತರುವ ಹಕ್ಕನ್ನೂ ಆ ಕಾನೂನು ಕೊಟ್ಟಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಆದರೆ ಹೊರಗಿನವರ ಒತ್ತಡ ಏನು ಮಾಡಬಲ್ಲದು, ಏನು ಮಾಡಲಾರದು ಅಂತ ನೋಡಬೇಕಾದರೆ ಬ್ರೆಜಿಲ್ ಉದ್ಯಾನದೊಳಗಿನ ಒಂದು ರಸ್ತೆಯ ಕಥೆ ಕೇಳಬೇಕು. ಎಸ್ತ್ರಾದಾ ದೊ ಕೊಲೊನೊ, ಉದ್ದ ಹದಿನೇಳೂವರೆ ಕಿಲೋಮೀಟರ್‌ನಷ್ಟು. ಸರಿಯಾಗಿ ಕಾಡಿನ ನಡುವೆ ಸೀಳಿಕೊಂಡು ಹೋಗುವ ಮಣ್ಣಿನ ರಸ್ತೆ. 1986ರಲ್ಲಿ ಕೋರ್ಟ್ ಅದನ್ನು ಮುಚ್ಚಿಸಿತು. ಎರಡೂ ಬದಿಯ ಊರಿನವರಿಗೆ ಸಿಟ್ಟು. ಸಂತೆಗೆ, ನೆಂಟರ ಮನೆಗೆ ಹೋಗಲು ನೂರಾರು ಕಿಲೋಮೀಟರ್ ಸುತ್ತಬೇಕಲ್ಲ. ಅವರ ಕಷ್ಟ ಸುಳ್ಳೇನೂ ಆಗಿರಲಿಲ್ಲ. 1997ರಲ್ಲಿ ಜನ ನುಗ್ಗಿ ರಸ್ತೆ ತೆರೆದೇಬಿಟ್ಟರು, ನದಿ ದಾಟಲು ತೆಪ್ಪ ಹಾಕಿದರು, ಟೋಲ್ ಕೂಡ ವಸೂಲಿ ಮಾಡಿದರು. ಎರಡು ವರ್ಷ ಕಾದ ಯುನೆಸ್ಕೊ 1999ರಲ್ಲಿ ಉದ್ಯಾನವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. 2001ರಲ್ಲಿ ಫೆಡರಲ್ ಪೊಲೀಸರು ಬಂದು ರಸ್ತೆ ಮುಚ್ಚಿಸಿದರು, ಅದೇ ವರ್ಷ ಉದ್ಯಾನ ಅಪಾಯದ ಪಟ್ಟಿಯಿಂದ ಹೊರಬಂತು. ರಸ್ತೆಯ ಮೇಲೆ ಈಗ ಗಿಡ ಬೆಳೆದಿದೆ. ರಾಜಕೀಯ ಮಾತ್ರ ಸತ್ತಿಲ್ಲ, ರಸ್ತೆ ತೆರೆಯುವ ಮಸೂದೆಯನ್ನು ತುರ್ತಾಗಿ ಕೈಗೆತ್ತಿಕೊಳ್ಳಲು 2021ರಲ್ಲೂ ಸಂಸತ್ತಿನ ಕೆಳಮನೆ ಒಪ್ಪಿತು.

ನಿಜವಾದ ಸಹಕಾರ ಅಂತ ನಾನು ಕರೆಯುವುದು ಜಾಗ್ವಾರ್ ಗಣತಿಯನ್ನು. ಜಾಗ್ವಾರ್ ಅಂದರೆ ನಮ್ಮ ಚಿರತೆಯಂತೆ ಮೈಮೇಲೆ ಚುಕ್ಕೆಯಿರುವ, ಆ ಕಡೆಯ ಕಾಡಿನ ದೊಡ್ಡ ಬೆಕ್ಕು. ಇಡೀ ಅಟ್ಲಾಂಟಿಕ್ ಕಾಡಿನಲ್ಲಿ 300ಕ್ಕಿಂತ ಕಡಿಮೆ ಜಾಗ್ವಾರ್ ಉಳಿದಿವೆ ಅಂತ 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಅವುಗಳಲ್ಲಿ ದೊಡ್ಡ ಪಾಲು ಇಗುವಾಸು ನದಿಯ ಎರಡೂ ದಡದಲ್ಲಿದೆ. ಜಾಗ್ವಾರ್ ಚೆನ್ನಾಗಿ ಈಜುತ್ತದೆ, ಪಾಸ್‌ಪೋರ್ಟ್ ಬೇಕಿಲ್ಲ. ಎರಡು ದೇಶ ಬೇರೆ ಬೇರೆ ಎಣಿಸಿದರೆ ಅದೇ ಪ್ರಾಣಿ ಎರಡೂ ಲೆಕ್ಕದಲ್ಲಿ ಬರುತ್ತದೆ, ಇಲ್ಲವೇ ಎರಡರಲ್ಲೂ ತಪ್ಪಿಹೋಗುತ್ತದೆ. ಹಾಗಾಗಿ ಅರ್ಜೆಂಟೀನಾದ 'ಪ್ರೊಯೆಕ್ತೊ ಯಾಗ್ವಾರೆತೆ' ಮತ್ತು ಬ್ರೆಜಿಲಿನ 'ಓನ್ಸಾಸ್ ದೊ ಇಗುವಾಸು' ತಂಡಗಳು ಸೇರಿ ಕ್ಯಾಮೆರಾ ಇಡುತ್ತವೆ.

ಒಂದು ಜಾಗದಲ್ಲಿ ಎರಡು ಕ್ಯಾಮೆರಾ ಬೇಕು. ಕಾಡುದಾರಿಯ ಈ ಬದಿಗೊಂದು, ಆ ಬದಿಗೊಂದು. ಯಾಕೆ ಅಂದರೆ ಜಾಗ್ವಾರ್‌ನ ಎಡಮೈಯ ಚುಕ್ಕೆಯೇ ಬೇರೆ, ಬಲಮೈಯ ಚುಕ್ಕೆಯೇ ಬೇರೆ. ಒಂದೇ ಬದಿಯ ಚಿತ್ರ ಸಿಕ್ಕರೆ ಇದು ಹೊಸದೋ ಹಳೆಯದೋ ಹೇಳುವುದು ಕಷ್ಟ. ತಿಂಗಳುಗಟ್ಟಲೆ ಬಂದ ಚಿತ್ರಗಳಲ್ಲಿ ಹಂದಿ, ಜಿಂಕೆ, ಟೇಪಿರ್ ಎಲ್ಲ ತೆಗೆದು, ಕೊನೆಗೆ ಚುಕ್ಕೆಗೆ ಚುಕ್ಕೆ ಹೋಲಿಸುತ್ತಾ ಕೂರಬೇಕು. ಗಡಿಯ ಈಚೆಗಿನವರು ಆಚೆಗಿನವರ ಚಿತ್ರ ನೋಡದಿದ್ದರೆ ಈ ಕೆಲಸ ಆಗುವುದೇ ಇಲ್ಲ.

2005ರ ಸುಮಾರಿಗೆ ಸಿಕ್ಕಿದ್ದು ಬರೀ 40ರಷ್ಟು. 2018ರಲ್ಲಿ ಸುಮಾರು 105. 2022ರಲ್ಲಿ ಸುಮಾರು 93. ಕಾವಲು ಬಿಗಿಯಾಯಿತು, ಬೇಟೆ ಕಡಿಮೆಯಾಯಿತು, ಹಸುಕರು ತಿಂದ ಜಾಗ್ವಾರ್‌ಗೆ ಗುಂಡು ಹೊಡೆಯುವ ಮೊದಲು ಫೋನ್ ಮಾಡುವಷ್ಟು ನಂಬಿಕೆ ರೈತರಲ್ಲಿ ನಿಧಾನಕ್ಕೆ ಬೆಳೆಯಿತು. ಬ್ರೆಜಿಲ್ ಕಡೆಯ ಹೆಂಗಸರು ಕ್ರೋಶಾದಲ್ಲಿ ಪುಟ್ಟ ಜಾಗ್ವಾರ್ ಹೆಣೆದು ಮಾರುತ್ತಾರೆ, ಪ್ರಾಣಿ ಉಳಿದರೆ ಮನೆಗೂ ನಾಲ್ಕು ಕಾಸು. ಹಾಗಂತ ಎಲ್ಲ ಸರಿಹೋಗಿಲ್ಲ. ಪಾಲ್ಮಿತೊ ಕಳ್ಳರು ಈಗಲೂ ಒಳನುಗ್ಗುತ್ತಾರೆ. ಪಾಲ್ಮಿತೊ ಅಂದರೆ ಈ ಕಾಡಿನ ಒಂದು ತಾಳೆ ಜಾತಿ, ಅದರ ತುದಿಯ ಎಳೆ ತಿರುಳನ್ನು ಜನ ತಿನ್ನುತ್ತಾರೆ. ಬುಡದಿಂದ ಮತ್ತೆ ಚಿಗುರುವ ಗುಣ ಈ ಮರಕ್ಕಿಲ್ಲ. ಒಂದು ಮೊಳದಷ್ಟು ತಿರುಳಿಗೆ ವರ್ಷಗಟ್ಟಲೆ ಬೆಳೆದ ಇಡೀ ಮರ ಸಾಯುತ್ತದೆ.

ಈಗ ಕಾನೂನಿಗೆ ಬರೋಣ. ಪರಾಗ್ವೆ 2004ರಲ್ಲಿ ತನ್ನ ಪೂರ್ವ ಭಾಗದಲ್ಲಿ ಕಾಡನ್ನು ಹೊಲ ಮಾಡುವುದನ್ನೇ ನಿಷೇಧಿಸಿತು. ಮರ ಕಡಿಯುವುದು ದೊಡ್ಡ ಪ್ರಮಾಣದಲ್ಲಿ ಇಳಿಯಿತು, ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಕಾನೂನು ದೇಶದ ಪಶ್ಚಿಮಕ್ಕೆ ಅನ್ವಯಿಸುವುದಿಲ್ಲ. ದನ ಸಾಕುವವರ ಬುಲ್ಡೋಜರ್ ಅತ್ತ ಚಾಕೊದ ಒಣ ಕಾಡಿಗೆ ತಿರುಗಿತು, ಮುಂದಿನ ವರ್ಷಗಳಲ್ಲಿ ಜಗತ್ತಿನಲ್ಲೇ ಅತಿ ವೇಗವಾಗಿ ಕಾಡು ಕಳೆದುಕೊಂಡ ಪ್ರದೇಶಗಳಲ್ಲಿ ಅದೂ ಒಂದಾಯಿತು. ಬ್ರೆಜಿಲ್ 2006ರಲ್ಲಿ ಅಟ್ಲಾಂಟಿಕ್ ಕಾಡಿಗೇ ಬೇರೆ ಕಾನೂನು ಮಾಡಿತು, ಅರ್ಜೆಂಟೀನಾ 2007ರಲ್ಲಿ ಎಷ್ಟು ರಕ್ಷಣೆ ಬೇಕು ಅನ್ನುವುದರ ಮೇಲೆ ಕಾಡನ್ನು ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುವ ಕಾನೂನು ಮಾಡಿತು. ಮೂರು ದೇಶ, ಮೂರು ಕಾನೂನು.

ಮೂರನ್ನೂ ಒಂದೇ ಹೆಸರಿನಡಿ ತಂದಿದ್ದು ತೀರಾ ಇತ್ತೀಚೆಗೆ. ಮೂರೂ ದೇಶದ ನೂರಾರು ಸಂಘಟನೆಗಳ ಅಟ್ಲಾಂಟಿಕ್ ಕಾಡು ಒಡಂಬಡಿಕೆಯನ್ನು ವಿಶ್ವಸಂಸ್ಥೆ 2022ರ ಡಿಸೆಂಬರ್‌ನಲ್ಲಿ, ಮಾಂಟ್ರಿಯಲ್ ಜೀವವೈವಿಧ್ಯ ಸಮ್ಮೇಳನದ ವೇಳೆ, ಪರಿಸರ ಮರುಸ್ಥಾಪನೆಯ ಹತ್ತು ಮಾದರಿ ಯೋಜನೆಗಳಲ್ಲಿ ಒಂದಾಗಿ ಆರಿಸಿತು. ಅಷ್ಟರಲ್ಲಿ ಸುಮಾರು 7 ಲಕ್ಷ ಹೆಕ್ಟೇರ್ ಮರಳಿ ಕಾಡಾಗುತ್ತಿತ್ತು. ಗುರಿ 2030ಕ್ಕೆ 10 ಲಕ್ಷ, 2050ಕ್ಕೆ 1.5 ಕೋಟಿ ಹೆಕ್ಟೇರ್. ಎರಡನೇ ಸಂಖ್ಯೆ ನೋಡಿ ನನಗೆ ಸ್ವಲ್ಪ ಅನುಮಾನವೇ, ಆದರೆ ಮೊದಲನೆಯದು ಕೈಗೆ ಎಟುಕುವಂಥದ್ದು.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ಭಾರತ ಹೊರಗಿನಿಂದ ತರಿಸುವ ಸೋಯಾ ಎಣ್ಣೆಯಲ್ಲಿ ದೊಡ್ಡ ಪಾಲು ಅರ್ಜೆಂಟೀನಾ, ಬ್ರೆಜಿಲಿನದು. ಯುರೋಪ್ 2023ರಲ್ಲಿ ಒಂದು ನಿಯಮ ಮಾಡಿತು: 2020ರ ನಂತರ ಕಾಡು ಕಡಿದ ಜಾಗದ ಸೋಯಾ, ದನದ ಮಾಂಸ, ಕಾಫಿ ಬೇಡ. ದಕ್ಷಿಣ ಅಮೆರಿಕದ ಸರ್ಕಾರಗಳು ಕೂಗಾಡಿದವು, ಯುರೋಪಿನ ಕಂಪನಿಗಳೂ ಗೊಣಗಿದವು, ಜಾರಿ ಮುಂದಕ್ಕೆ ಹೋಯಿತು. ನಮ್ಮಲ್ಲಿ ಅಂಥ ನಿಯಮವೇ ಇಲ್ಲ, ಅಡುಗೆಮನೆಯ ಪ್ಯಾಕೆಟ್ ಮೇಲೆ ಯಾವ ಹೊಲದ ಸೋಯಾ ಅಂತ ಯಾರೂ ಬರೆಯುವುದಿಲ್ಲ.

ಪರಾಗ್ವೆಯ ನಿಷೇಧ ಶಾಶ್ವತವಾದದ್ದಲ್ಲ. 2004ರಿಂದ ಆಗಾಗ ಅವಧಿ ವಿಸ್ತರಿಸುತ್ತಾ ಬಂದಿದ್ದಾರೆ, 2020ರಲ್ಲಿ ಮತ್ತೆ ಹತ್ತು ವರ್ಷ ಕೊಟ್ಟರು. ಅದು ಮುಗಿಯುವುದು 2030ಕ್ಕೆ, ಆ 10 ಲಕ್ಷ ಹೆಕ್ಟೇರ್‌ನ ಗಡುವು ಇರುವ ವರ್ಷವೇ.