ಹೀರೋ ರಜೆ ಹಾಕಿದ್ರೆ ವಿಲನ್ ಏನು ಮಾಡ್ತಾನೆ? ಕಾಮಿಕ್ಸ್ ಖಳರ ಬಗ್ಗೆ ಒಂದಿಷ್ಟು ಟಿಪ್ಪಣಿ

ಕಾಮಿಕ್ಸ್ ಬರೆಯಲು ಕಲಿಯುತ್ತಿರುವವರಿಗೆ, ಹಾಗೇ ಸುಮ್ನೆ ಓದಿ ಖುಷಿಪಡುವವರಿಗೂ, ನಾನು ಮಾಡಿಕೊಂಡ ಟಿಪ್ಪಣಿ ಇದು. ಶುರುವಾಗಿದ್ದು ಒಂದು ಮುಖಭಂಗದಿಂದ. ಹನ್ನೆರಡು ಪುಟದ ಕಥೆಯೊಂದನ್ನು ಬರೆದಿದ್ದೆ. ಅದರ ಖಳನಿಗೆ ಬೇರೆಯವರ ನೆನಪನ್ನು ಅಳಿಸುವ ಶಕ್ತಿ. ಚಿಕ್ಕವನಿದ್ದಾಗ ಅಪ್ಪ ಹೊಡೆಯುತ್ತಿದ್ದ, ಊರವರು ನಗುತ್ತಿದ್ದರು, ಅದಕ್ಕೇ ದೊಡ್ಡವನಾಗಿ ಊರನ್ನೇ ಮುಗಿಸಲು ಹೊರಟಿದ್ದಾನೆ. ಎರಡು ಪುಟ ಪೂರ್ತಿ ಫ್ಲ್ಯಾಶ್‌ಬ್ಯಾಕ್. ಮಳೆ, ಕತ್ತಲೆ, ಕಣ್ಣೀರು, ಯಾವುದಕ್ಕೂ ಕಮ್ಮಿ ಮಾಡಿರಲಿಲ್ಲ. ಓದಿದ ಗೆಳೆಯ ಕೇಳಿದ್ದು ಒಂದೇ ಪ್ರಶ್ನೆ: "ಹೀರೋ ಒಂದು ವಾರ ರಜೆ ಹಾಕಿದ್ರೆ ಇವನು ಏನು ಮಾಡ್ತಾನೋ?"

ಉತ್ತರ ಇರಲಿಲ್ಲ. ಹೀರೋ ಬರುವ ತನಕ ಕತ್ತಲೆಯಲ್ಲಿ ಕೂತು ಕಾಯುತ್ತಾನೆ, ಅಷ್ಟೇ.

ಆಮೇಲೆ ಇದೇ ಪ್ರಶ್ನೆ ಇಟ್ಟುಕೊಂಡು ಹಳೆಯ ಅಮೆರಿಕನ್ ಕಾಮಿಕ್ಸ್‌ಗಳನ್ನು ತಿರುಗಿ ಓದತೊಡಗಿದೆ. ಪುಟದಿಂದ ಹೀರೋನನ್ನು ಎತ್ತಿ ಪಕ್ಕಕ್ಕಿಡಿ. ಖಳ ಇನ್ನೂ ಅವನೇ ಆಗಿ ಉಳಿಯುತ್ತಾನಾ?

ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಸೂಪರ್‌ಮ್ಯಾನ್‌ನ ಎದುರಾಳಿ ಲೆಕ್ಸ್ ಲೂಥರ್. 1940ರಲ್ಲಿ ಮೊದಲ ಸಲ ಬಂದಾಗ ಅವನೊಬ್ಬ ಕೆಂಪು ಕೂದಲಿನ ಹುಚ್ಚು ವಿಜ್ಞಾನಿ. 1960ರ ಒಂದು ಕಥೆ ಅವನ ದ್ವೇಷಕ್ಕೆ ಕಾರಣ ಕೊಟ್ಟಿತು. ಹುಡುಗನಾಗಿದ್ದಾಗ ಅವನ ಪ್ರಯೋಗಶಾಲೆಗೆ ಬೆಂಕಿ ಬಿತ್ತು, ಸೂಪರ್‌ಬಾಯ್, ಅಂದರೆ ಹುಡುಗನಾಗಿದ್ದಾಗಿನ ಸೂಪರ್‌ಮ್ಯಾನ್, ಅದನ್ನು ಆರಿಸಿದ, ಆ ಗಲಾಟೆಯಲ್ಲಿ ಪ್ರಯೋಗವೂ ಹಾಳಾಯಿತು, ಕೂದಲೂ ಹೋಯಿತು. ಕೂದಲು ಹೋಗಿದ್ದಕ್ಕೆ ಜೀವನಪೂರ್ತಿ ಹಗೆ ಅಂತ ಜನ ಇದನ್ನು ಗೇಲಿ ಮಾಡುತ್ತಾರೆ. ನನಗೇನೋ ಅಷ್ಟು ಕೆಟ್ಟದ್ದು ಅನ್ನಿಸಲ್ಲ, ತನ್ನ ದೊಡ್ಡ ಸಾಧನೆ ಕಣ್ಣೆದುರೇ ಹಾಳಾದವನ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಅದು ಹಗೆ ಯಾಕೆ ಬಂತು ಅಂತ ಹೇಳುತ್ತದೆಯೇ ಹೊರತು ಅವನು ಎಂಥವನು ಅಂತ ಹೇಳುವುದಿಲ್ಲ.

1986ರಲ್ಲಿ ಜಾನ್ ಬರ್ನ್ ಸೂಪರ್‌ಮ್ಯಾನ್ ಕಥೆಯನ್ನು ಮೊದಲಿಂದ ಕಟ್ಟಿದಾಗ ಲೂಥರ್ ದೊಡ್ಡ ಉದ್ಯಮಿಯಾದ. ಮೆಟ್ರೊಪೊಲಿಸ್ ನಗರದಲ್ಲಿ ಅರ್ಧಕ್ಕರ್ಧ ಜನ ಅವನ ಋಣದಲ್ಲೇ ಇರುವಂತೆ ಕಾಣುತ್ತದೆ. ಮರುವರ್ಷ ಸೂಪರ್‌ಮ್ಯಾನ್ 9ನೇ ಸಂಚಿಕೆಯ ಕೊನೆಯಲ್ಲಿ ಒಂದು ಪುಟ್ಟ ಕಥೆ ಬಂತು. ಮುಖ್ಯ ಕಥೆ ಮುಗಿದ ಮೇಲೆ ಜಾಗ ಉಳಿದಿದ್ದಕ್ಕೆ ಹಾಕಿದಂತಿದೆ, ಕೆಲವೇ ಪುಟ. ಅದರಲ್ಲಿ ಸೂಪರ್‌ಮ್ಯಾನ್ ಇಲ್ಲವೇ ಇಲ್ಲ. ಲೂಥರ್ ದೂರದ ಹೆದ್ದಾರಿಯ ಹೋಟೆಲೊಂದರಲ್ಲಿ ಕಾಫಿಗೆ ನಿಲ್ಲುತ್ತಾನೆ. ಬಡಿಸುವ ಹೆಂಗಸಿಗೆ ಒಂದು ಮಾತು ಹೇಳುತ್ತಾನೆ: ನನ್ನ ಜೊತೆ ಬಂದು ಒಂದು ತಿಂಗಳು ಇರು, ಹತ್ತು ಲಕ್ಷ ಡಾಲರ್ ಕೊಡುತ್ತೇನೆ. ಅವಳಿಗೆ ಗಂಡ ಇದ್ದಾನೆ. ಯೋಚಿಸಲು ಹತ್ತು ನಿಮಿಷ ಕೊಟ್ಟು ಲೂಥರ್ ಕಾರಿನಲ್ಲಿ ಹೋಗಿ ಕೂರುತ್ತಾನೆ. ಅವಳು ಒಳಗೆ ಒದ್ದಾಡುತ್ತಾಳೆ. ಹೋಗೋದಾ, ಬೇಡವಾ? ಅವಳು ಒಂದು ನಿರ್ಧಾರಕ್ಕೆ ಬರುವ ಮೊದಲೇ ಕಾರು ಹೊರಟುಬಿಡುತ್ತದೆ. ತಾನು ಏನು ಉತ್ತರ ಕೊಡುತ್ತಿದ್ದೆ ಅನ್ನುವುದು ಅವಳನ್ನು ಬದುಕಿಡೀ ಕಾಡುತ್ತದೆ. ಅವನಿಗೆ ಬೇಕಾಗಿದ್ದೂ ಅಷ್ಟೇ.

ಇಲ್ಲಿ ಏನೇನಿಲ್ಲ ನೋಡಿ. ಯಂತ್ರ ಇಲ್ಲ, ಬಾಂಬ್ ಇಲ್ಲ, ಕಾನೂನು ಮುರಿದಿದ್ದೂ ಇಲ್ಲ. ಯಾರ ಮೈಮೇಲೂ ಒಂದು ಗೀರು ಬಿದ್ದಿಲ್ಲ. ಆದರೂ ಅವನು ನಗರ ಸುಡುವುದನ್ನು ನೋಡಿದ್ದಕ್ಕಿಂತ ನನಗೆ ಇದೇ ಜಾಸ್ತಿ ಮೈ ಉರಿಸಿತು. ಹೀರೋ ಇಲ್ಲದಿದ್ದರೂ ಲೂಥರ್ ಪೂರ್ತಿ ಲೂಥರ್. ಇನ್ನೊಬ್ಬರ ಮನಸ್ಸನ್ನು ಬೆರಳಲ್ಲಿ ಆಡಿಸಬಲ್ಲೆ ಅನ್ನುವ ಖುಷಿಯೇ ಅವನ ಹಸಿವು. ಸೂಪರ್‌ಮ್ಯಾನ್ ಮೇಲಿನ ದ್ವೇಷ ಅದೇ ಹಸಿವಿನ ಒಂದು ತುಂಡು ಅಷ್ಟೇ, ಯಾಕಂದ್ರೆ ಬೆರಳಲ್ಲಿ ಆಡಿಸಲು ಆಗದ ಒಬ್ಬನೇ ಒಬ್ಬ ಅವನು.

ಅದೇ ಸರಣಿಯ 2ನೇ ಸಂಚಿಕೆಯಲ್ಲಿ ಇನ್ನೂ ಮಜವಾದದ್ದೊಂದಿದೆ. ಸೂಪರ್‌ಮ್ಯಾನ್ ಬಗ್ಗೆ ಸಿಕ್ಕ ಮಾಹಿತಿಯನ್ನೆಲ್ಲ ಲೂಥರ್ ಕಂಪ್ಯೂಟರಿಗೆ ಹಾಕಿಸುತ್ತಾನೆ. ಕಂಪ್ಯೂಟರ್ ಸರಿಯಾದ ಉತ್ತರವನ್ನೇ ಕೊಡುತ್ತದೆ: ಪತ್ರಕರ್ತ ಕ್ಲಾರ್ಕ್ ಕೆಂಟೇ ಸೂಪರ್‌ಮ್ಯಾನ್. ಲೂಥರ್ ನಂಬುವುದಿಲ್ಲ. ಅಷ್ಟು ಶಕ್ತಿ ಇರುವವನು ಸಾಮಾನ್ಯ ಮನುಷ್ಯನ ಥರ ನಟಿಸಿಕೊಂಡು ಯಾಕಿರುತ್ತಾನೆ, ಸಾಧ್ಯವೇ ಇಲ್ಲ ಅಂತ ಹೇಳಿ, ಆ ಉತ್ತರ ತಂದುಕೊಟ್ಟ ವಿಜ್ಞಾನಿಯನ್ನೇ ಕೆಲಸದಿಂದ ತೆಗೆಯುತ್ತಾನೆ. ಗುಟ್ಟು ಕೈಗೆ ಬಂದಿತ್ತು. ಅವನೇ ಕೆಳಗೆ ಹಾಕಿದ. ಯಾಕೆ? ತಾನಾಗಿದ್ದರೆ ಹಾಗೆ ಬದುಕುತ್ತಿರಲಿಲ್ಲ ಅಂತ. ಜಗತ್ತಿನ ಅತಿ ಬುದ್ಧಿವಂತನಿಗೆ ಕಾಣದ ಒಂದೇ ಜಾಗ ಅದು. ಇಂಥ ಕುರುಡು ಚುಕ್ಕೆ ಒಂದಿದ್ದರೆ ಖಳ ಸೋಲುವುದಕ್ಕೆ ಹೀರೋ ಗುದ್ದಲೇಬೇಕು ಅಂತೇನಿಲ್ಲ. ನನ್ನ ಪುಸ್ತಕದಲ್ಲಿ ಇದಕ್ಕೆ ಎರಡು ಗೆರೆ ಎಳೆದಿದ್ದೇನೆ.

ಈಗ ಉಲ್ಟಾ ಉದಾಹರಣೆ. 1963ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಎಕ್ಸ್‌ಮೆನ್ ಅನ್ನುವ ಹೀರೋಗಳ ತಂಡದ ಕಾಮಿಕ್ಸ್ ಶುರುಮಾಡಿ, ಮೊದಲ ಸಂಚಿಕೆಯಲ್ಲೇ ಖಳನಾಗಿ ಮ್ಯಾಗ್ನೀಟೋನನ್ನು ತಂದರು. ಲೋಹವನ್ನು ಆಳುವ ಶಕ್ತಿ, ಕೆಂಪು ಶಿರಸ್ತ್ರಾಣ, ನೋಡಲು ಭರ್ಜರಿ. ಕ್ಷಿಪಣಿ ನೆಲೆಯ ಮೇಲೆ ದಾಳಿ ಮಾಡುತ್ತಾನೆ, ಮನುಷ್ಯರ ಕಾಲ ಮುಗಿಯಿತು ಅಂತ ಗರ್ಜಿಸುತ್ತಾನೆ, ಸೋತು ಓಡುತ್ತಾನೆ. 1964ರ 4ನೇ ಸಂಚಿಕೆಯಲ್ಲಿ ಒಂದು ತಂಡ ಕಟ್ಟುತ್ತಾನೆ. ಅದರ ಹೆಸರು "ದುಷ್ಟ ಮ್ಯೂಟೆಂಟ್‌ಗಳ ಬಳಗ" (ಮ್ಯೂಟೆಂಟ್ ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರು). ತನ್ನ ಸಂಘಕ್ಕೆ ತಾನೇ ದುಷ್ಟ ಅಂತ ಬೋರ್ಡು ಹಾಕಿಕೊಳ್ಳುವವರು ಯಾರಾದರೂ ಇದ್ದಾರಾ? ಟೊಳ್ಳು ಖಳ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಬೋರ್ಡನ್ನೇ ತೋರಿಸುತ್ತೇನೆ. ತನ್ನ ಬಗ್ಗೆ ತನಗೇನನ್ನಿಸುತ್ತದೆ ಅನ್ನುವುದೇ ಅವನಿಗೆ ಇಲ್ಲ, ಓದುಗನ ಅಭಿಪ್ರಾಯವನ್ನೇ ತಾನೂ ಹೊತ್ತು ತಿರುಗುತ್ತಿದ್ದಾನೆ.

ಲೇಖಕರನ್ನು ಮಾತ್ರ ಬೈಯುವ ಹಾಗೂ ಇಲ್ಲ. 1954ರಿಂದ ಅಮೆರಿಕದ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡಿದ್ದರು, ಕಾಮಿಕ್ಸ್ ಕೋಡ್ ಅಂತ. ಅಪರಾಧಿಯ ಮೇಲೆ ಅನುಕಂಪ ಬರುವ ಹಾಗೆ ಬರೆಯಬಾರದು, ಕೊನೆಗೆ ಒಳ್ಳೆಯದೇ ಗೆಲ್ಲಬೇಕು, ಕೆಟ್ಟವನಿಗೆ ಶಿಕ್ಷೆ ಆಗಲೇಬೇಕು. ಖಳನ ಕಡೆಯಿಂದ ಒಂದು ಪುಟ ಬರೆಯುವುದಕ್ಕೂ ಕೈ ಕಟ್ಟಿದ ಹಾಗೆ. 1971ರಲ್ಲಿ ಕೋಡ್ ಸಡಿಲವಾಯಿತು. ಆಮೇಲಿನ ಖಳರು ಬೇರೆ ಥರ ಉಸಿರಾಡುವುದು ಕಾಕತಾಳೀಯ ಅಲ್ಲ ಅನ್ನುವುದು ನನ್ನ ಅನಿಸಿಕೆ.

ಮ್ಯಾಗ್ನೀಟೋ ಬದಲಾಗಿದ್ದು ಎಕ್ಸ್‌ಮೆನ್ ಲೇಖಕ ಕ್ರಿಸ್ ಕ್ಲೇರ್‌ಮಾಂಟ್ ಕೈಯಲ್ಲಿ. 1981ರ 150ನೇ ಸಂಚಿಕೆ, ಮೊದಲ ಸಲ ಬಂದು 18 ವರ್ಷ ಆದ ಮೇಲೆ. ಜಗತ್ತಿನ ದೇಶಗಳಿಗೆಲ್ಲ ಬೆದರಿಕೆ ಹಾಕಿ, ತನ್ನ ಮೇಲೆ ಕ್ಷಿಪಣಿ ಬಿಟ್ಟ ಸೋವಿಯತ್ ಜಲಾಂತರ್ಗಾಮಿಯನ್ನು ಸಿಬ್ಬಂದಿ ಸಮೇತ ಮುಳುಗಿಸಿದ್ದಾನೆ. ಕೊನೆಯ ಕಾಳಗದಲ್ಲಿ ತನ್ನ ಯಂತ್ರ ಕೆಡಿಸಲು ಬಂದವಳನ್ನು ಹೊಡೆದುರುಳಿಸುತ್ತಾನೆ. ನೋಡಿದರೆ ಅದು ಎಕ್ಸ್‌ಮೆನ್ ತಂಡದ ಕಿಟ್ಟಿ ಪ್ರೈಡ್, ಇನ್ನೂ ಮಗು ಅನ್ನುವ ವಯಸ್ಸಿನ ಹುಡುಗಿ. ಸತ್ತಳೆಂದುಕೊಂಡು ಅವಳನ್ನು ಎತ್ತಿಕೊಳ್ಳುತ್ತಾನೆ. ಅವನ ಬಾಲ್ಯ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ನಲ್ಲಿ ಕಳೆದಿದ್ದು ಅಂತ ನಮಗೆ ಗೊತ್ತಾಗುವುದು ಈ ಸಂಚಿಕೆಯಲ್ಲಿ. ಯಾರ ಕೈಯಿಂದ ಓಡಿಬಂದನೋ ಅವರ ಹಾಗೇ ತಾನೂ ಆಗಿದ್ದೇನೆ ಅನ್ನುವುದು ಅವನಿಗೆ ಹೊಳೆಯುತ್ತದೆ. ಕಾಳಗ ಬಿಟ್ಟು ಹೊರಟುಹೋಗುತ್ತಾನೆ.

ಬಹಳ ಜನ ಇದರಿಂದ ತಪ್ಪು ಪಾಠ ಕಲಿತರು, ನಾನೂ ಅವರಲ್ಲಿ ಒಬ್ಬ. ಖಳನಿಗೆ ನೋವಿನ ಬಾಲ್ಯ ಕೊಟ್ಟರೆ ಆಳ ತಾನಾಗಿಯೇ ಬರುತ್ತದೆ ಅಂದುಕೊಂಡಿದ್ದೆ. ಕ್ಲೇರ್‌ಮಾಂಟ್ ಆ ನೆನಪನ್ನು ಎಲ್ಲಿಟ್ಟರು ಗಮನಿಸಿ. ಅದು ಅವನ ಪರವಾಗಿ ವಾದ ಮಾಡಲು ಬರುವುದಿಲ್ಲ. ಅವನು ಮಗುವನ್ನು ಹೊಡೆದ ಮೇಲೆ ಬರುತ್ತದೆ, ಅವನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಮುಳುಗಿದ ನಾವಿಕರೇನೂ ಎದ್ದು ಬರಲಿಲ್ಲ. 1985ರ 200ನೇ ಸಂಚಿಕೆಯಲ್ಲಿ ಪ್ಯಾರಿಸ್‌ನ ನ್ಯಾಯಾಲಯದ ಕಟಕಟೆಯಲ್ಲಿ ಅವನು ನಿಂತೇ ನಿಂತ. ನನ್ನ ಎರಡು ಪುಟದ ಮಳೆ ಮತ್ತು ಕಣ್ಣೀರು ಮಾಡಿದ್ದು ಬರೀ ವಕಾಲತ್ತು.

ಮಿಸ್ಟರ್ ಫ್ರೀಜ್ ವಿಷಯದಲ್ಲೂ ಇದೇ ಗೊಂದಲ. 1959ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ಸ್‌ಗೆ ಬಂದಾಗ ಅವನ ಹೆಸರು ಮಿಸ್ಟರ್ ಝೀರೋ. ಮಂಜಿನ ಬಂದೂಕು ಹಿಡಿದ ಕಳ್ಳ, ಇನ್ನೇನೂ ಇಲ್ಲ. 1992ರ ಟಿವಿ ಕಾರ್ಟೂನ್ ಅವನಿಗೆ ನೋರಾ ಅನ್ನುವ ಹೆಂಡತಿಯನ್ನು ಕೊಟ್ಟಿತು. ವಾಸಿಯಾಗದ ಕಾಯಿಲೆ, ಅದಕ್ಕೇ ಅವಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದಾನೆ. ಆಮೇಲೆ ಕಾಮಿಕ್ಸ್‌ಗಳೂ ಅದನ್ನೇ ತೆಗೆದುಕೊಂಡವು. ಹೆಂಡತಿ ಸೇರಿಸಿದ್ದರಿಂದ ಪಾತ್ರ ಗೆದ್ದಿತು ಅಂತ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಬಂದೂಕು, ತಣ್ಣಗಿನ ಕವಚ, ನಗದ ದನಿ, ಗಾಜಿನೊಳಗೆ ನಿಂತಿರುವ ಹೆಂಡತಿ, ಎಲ್ಲ ಒಂದೇ ಬೇರಿನಿಂದ ಬಂದವು. ಮೊದಲು ಮಂಜು ಅವನ ಕಸುಬಾಗಿತ್ತು, ಈಗ ಮಂಜೇ ಅವನ ಸಂಕಟ. ನಿಮ್ಮ ಖಳನ ವೇಷವನ್ನು ಬಿಚ್ಚಿ ಬೇರೆ ವೇಷ ಹಾಕಿದರೂ ಕಥೆ ನಡೆಯುತ್ತದೆ ಅಂದರೆ ಏನೋ ಸಡಿಲ ಇದೆ ಅಂತಲೇ ಅರ್ಥ.

ವೇಷ ಅಂದಾಗ ಡಾಕ್ಟರ್ ಡೂಮ್ ನೆನಪಾಗದೆ ಇರುತ್ತಾನಾ. 1962ರಲ್ಲಿ ಬಂದವನು, ಹುಟ್ಟುಕಥೆ ಸಿಕ್ಕಿದ್ದು 1964ರಲ್ಲಿ. ಕಾಲೇಜಿನಲ್ಲಿ ಅವನೊಂದು ಯಂತ್ರ ಕಟ್ಟುತ್ತಿರುತ್ತಾನೆ. ಮುಂದೆ ಅವನ ಎದುರಾಳಿ ಹೀರೋ ಆಗುವ ರೀಡ್ ರಿಚರ್ಡ್ಸ್ ಅವನ ಹಾಳೆ ನೋಡಿ ಲೆಕ್ಕದಲ್ಲಿ ತಪ್ಪಿದೆ ಅನ್ನುತ್ತಾನೆ. ಡೂಮ್ ಬೈದು ಕಳಿಸುತ್ತಾನೆ. ಯಂತ್ರ ಸಿಡಿಯುತ್ತದೆ, ಮುಖಕ್ಕೆ ಗಾಯ. ಆಮೇಲೆ ಲೋಹದ ಮುಖವಾಡ ಮಾಡಿಸುತ್ತಾನೆ, ಅದು ಆರುವ ತನಕವೂ ಕಾಯದೆ ಬಿಸಿಬಿಸಿ ಇರುವಾಗಲೇ ಮುಖಕ್ಕೆ ಹಾಕಿಸಿಕೊಳ್ಳುತ್ತಾನೆ. ಇಡೀ ಡೂಮ್ ಆ ಒಂದು ಚಿತ್ರದ ಚೌಕದಲ್ಲಿದ್ದಾನೆ. ಲೆಕ್ಕ ಮತ್ತೊಮ್ಮೆ ನೋಡಲು ಐದು ನಿಮಿಷ ಇರಲಿಲ್ಲ, ಲೋಹ ಆರಲೂ ಐದು ನಿಮಿಷ ಇಲ್ಲ. ಆದರೆ ತಪ್ಪು ಮಾತ್ರ ರೀಡ್‌ದು. ಇನ್ನು ನಮ್ಮ ರಜೆಯ ಪ್ರಶ್ನೆ? ರೀಡ್ ಒಂದು ವರ್ಷ ರಜೆ ಹಾಕಿದರೂ ಡೂಮ್‌ಗೆ ಕೈತುಂಬ ಕೆಲಸ. ಆಳಲು ಲಾಟ್ವೇರಿಯಾ ಅನ್ನುವ ದೇಶ ಇದೆ, ನರಕದಿಂದ ಬಿಡಿಸಿಕೊಳ್ಳಬೇಕಾದ ಅಮ್ಮನ ಆತ್ಮ ಇದೆ.

ಇಷ್ಟು ಹೊತ್ತಿಗೆ ನಿಮಗೊಂದು ತಕರಾರು ಹೊಳೆದಿರಬೇಕು. ಜೋಕರ್?

ಹೌದು, ನನ್ನ ಪರೀಕ್ಷೆ ಅವನ ಹತ್ತಿರ ಮಕಾಡೆ ಬೀಳುತ್ತದೆ. ಬ್ಯಾಟ್‌ಮ್ಯಾನ್ ಇಲ್ಲದಿದ್ದರೆ ಜೋಕರ್‌ಗೆ ಮಾಡಲು ಏನೂ ಇಲ್ಲ. ಅವನನ್ನು 1940ರ ಬ್ಯಾಟ್‌ಮ್ಯಾನ್ ಮೊದಲ ಸಂಚಿಕೆಯಲ್ಲೇ ಸಾಯಿಸುವುದು ಅಂತಿತ್ತು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಬೇಡ ಅಂದಿದ್ದಕ್ಕೆ ಅವನು ಬದುಕಿದ್ದಾನೆ ಅಂತ ತೋರಿಸುವ ಚೌಕವೊಂದನ್ನು ಕೊನೆಯಲ್ಲಿ ಸೇರಿಸಿದರು. ಹಿನ್ನೆಲೆಯೂ ಗಟ್ಟಿ ಇಲ್ಲ. ಅಲನ್ ಮೂರ್ ಬರೆದು ಬ್ರಯನ್ ಬೋಲಂಡ್ ಚಿತ್ರ ಬಿಡಿಸಿದ 1988ರ ಕಥೆಯಲ್ಲಿ ಒಂದು ಹಿನ್ನೆಲೆ ಬರುತ್ತದೆ, ಆದರೆ ತನ್ನ ಹಳೆಯದು ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ ಅಂತ ಅವನೇ ಹೇಳಿ ಅದನ್ನೂ ಅಲುಗಾಡಿಸುತ್ತಾನೆ.

ಹಾಗಾದರೆ ಅವನು ನಮ್ಮನ್ನು ಯಾಕೆ ಹಿಡಿದು ನಿಲ್ಲಿಸುತ್ತಾನೆ? ಆ ಕಥೆಯಲ್ಲಿ ಅವನಿಗೊಂದು ವಾದ ಇದೆ. ಒಂದೇ ಒಂದು ಕೆಟ್ಟ ದಿನ ಸಾಕು, ಯಾರು ಬೇಕಾದರೂ ನನ್ನ ಹಾಗೆ ಆಗುತ್ತಾರೆ. ಅದನ್ನು ಸಾಬೀತು ಮಾಡಲು ಗಾರ್ಡನ್ ಅನ್ನುವ ಪೊಲೀಸ್ ಅಧಿಕಾರಿಯ ಮಗಳಿಗೆ ಗುಂಡು ಹಾರಿಸಿ, ಆ ಅಪ್ಪನಿಗೆ ಚಿತ್ರಹಿಂಸೆ ಕೊಡುತ್ತಾನೆ. ಗಾರ್ಡನ್ ಮುರಿಯುವುದಿಲ್ಲ. ಹೊರಗೆ ಬಂದವನೇ, ಜೋಕರ್‌ನನ್ನು ಕಾನೂನು ಪ್ರಕಾರವೇ ಹಿಡಿದು ತಾ ಅಂತ ಬ್ಯಾಟ್‌ಮ್ಯಾನ್‌ಗೆ ಹೇಳುತ್ತಾನೆ. ಜೋಕರ್ ಸೋತಿದ್ದು ಅಲ್ಲೇ, ಬ್ಯಾಟ್‌ಮ್ಯಾನ್ ಇನ್ನೂ ಅವನನ್ನು ಮುಟ್ಟುವುದಕ್ಕೂ ಮೊದಲು. ಅಂದರೆ ಹೀರೋ ಇಲ್ಲದೆ ನಿಲ್ಲಲಾಗದ ಖಳನಿಗೆ ಕಡೇಪಕ್ಷ ಒಂದು ವಾದವಾದರೂ ಬೇಕು, ಆ ವಾದ ಓದುಗನಿಗೂ ಒಂದು ಕ್ಷಣ ನಿಜ ಅನ್ನಿಸಬೇಕು. ಇದು ಸುಲಭ ಅಲ್ಲ. ಜೋಕರ್ ನೋಡಿಕೊಂಡು ಬರೀ ನಗುವ ಹುಚ್ಚರನ್ನು ಬರೆದವರ ಸಾಲು ಉದ್ದ ಇದೆ.

ಕೊನೆಯದಾಗಿ ಇನ್ನೊಂದು ಪ್ರಶ್ನೆ: ಖಳ ಕೇಳಿದ್ದು ಅವನಿಗೆ ಸಿಕ್ಕೇಬಿಟ್ಟರೆ? ಜಿಮ್ ಸ್ಟಾರ್ಲಿನ್ ಬರೆದ 1991ರ ಕಥೆಯಲ್ಲಿ ಥಾನೋಸ್ ಅನ್ನುವ ಖಳನಿಗೆ ದೇವರ ಶಕ್ತಿಯೇ ಸಿಗುತ್ತದೆ. ಅವನು ಪ್ರೀತಿಸುವುದು ಸಾವನ್ನು, ಅವಳು ಅಲ್ಲೇ ಹೆಣ್ಣಿನ ರೂಪದಲ್ಲಿ ನಿಂತಿದ್ದಾಳೆ. ಅವಳನ್ನು ಮೆಚ್ಚಿಸಲು ವಿಶ್ವದ ಅರ್ಧ ಜೀವಗಳನ್ನು ಬೆರಳು ಚಿಟಿಕೆಯಲ್ಲಿ ಅಳಿಸುತ್ತಾನೆ. ಅವಳು ಒಲಿಯುವುದಿಲ್ಲ. ಎಲ್ಲ ಮುಗಿದ ಮೇಲೆ ನಾವು ಅವನನ್ನು ಬಿಟ್ಟುಬರುವುದು ಯಾವುದೋ ಗ್ರಹದಲ್ಲಿ, ಅಲ್ಲಿ ಅವನು ಹೊಲ ಮಾಡಿಕೊಂಡಿದ್ದಾನೆ. ಇಡೀ ವಿಶ್ವ ಕೈಲಿದ್ದಾಗ ಕಾಣದ ಥಾನೋಸ್ ನನಗೆ ಅಲ್ಲಿ ಕಂಡ.

ನನ್ನ ಹಳೆಯ ಖಳನನ್ನು ತೆಗೆದು ಮತ್ತೆ ಕೂತೆ. ಹೀರೋನನ್ನು ರಜೆಗೆ ಕಳಿಸಿದೆ, ಫ್ಲ್ಯಾಶ್‌ಬ್ಯಾಕ್ ಹರಿದುಹಾಕಿದೆ, ಅಪ್ಪನನ್ನೂ ಬಿಟ್ಟೆ. ನೆನಪು ಅಳಿಸುವ ಶಕ್ತಿ ಮಾತ್ರ ಉಳಿಯಿತು. ಅವನ ಪಕ್ಕದ ಮನೆಯಲ್ಲಿ ಮಗನನ್ನು ಕಳೆದುಕೊಂಡ ಮುದುಕಿಯೊಬ್ಬಳು ರಾತ್ರಿಯೆಲ್ಲ ಅಳುತ್ತಾಳೆ. ಅವನಿಗೆ ಕನಿಕರ ಬರುತ್ತದೆ. ಅವಳನ್ನು ಒಂದು ಮಾತೂ ಕೇಳದೆ ಮಗನ ನೆನಪನ್ನೇ ಅಳಿಸಿಬಿಡುತ್ತಾನೆ. ಅಳು ನಿಂತಿತು. ಒಳ್ಳೆಯ ಕೆಲಸ ಮಾಡಿದೆ ಅಂತ ಅವನು ದಿನಾ ಹೋಗಿ ನೋಡಿಕೊಂಡು ಬರುತ್ತಾನೆ.

ಒಂದು ಸಂಜೆ ಹೋದಾಗ ಮುದುಕಿ ಊಟಕ್ಕೆ ಎರಡು ತಟ್ಟೆ ಇಟ್ಟಿದ್ದಾಳೆ. ಎರಡನೆಯದು ಯಾರಿಗೆ ಅಂತ ಅವಳಿಗೇ ಗೊತ್ತಿಲ್ಲ, ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದಾಳೆ. ಅವನು ಮಾತಾಡದೆ ಆ ತಟ್ಟೆ ಎತ್ತಿ, ತೊಳೆದು, ಒಳಗಿಡುತ್ತಾನೆ.