ಎಲೆಯೋ ಕಿರುಎಲೆಯೋ: ಮಕ್ಕಳೊಂದಿಗೆ ಮರದ ಕೆಳಗೆ ನಿಲ್ಲುವ ಮುನ್ನ

ಮಕ್ಕಳು ಪುಸ್ತಕದ ಚೀಲವಿಲ್ಲದೆ ಶಾಲೆಗೆ ಬರುವ ಸಂಭ್ರಮ ಶನಿವಾರದ ಹೊರಾಂಗಣ ಪಾಠಕ್ಕೆ ನಾವು ಆರಿಸಿಕೊಂಡಿರುವ ಚಟುವಟಿಕೆ ಸರಳವಾದದ್ದು. ಶಾಲೆಯ ಸುತ್ತಲಿನ ಮರಗಳಿಂದ ಪ್ರತಿ ಮಗುವೂ ಒಂದೊಂದು ಎಲೆ ತರಬೇಕು, ಅದನ್ನು ನೋಡಿ ಗುಂಪು ಮಾಡಬೇಕು. ಬೇಕಾದ ಸಾಮಾನು ಹಳೆಯ ದಿನಪತ್ರಿಕೆ, ಬಣ್ಣದ ಕಡ್ಡಿ, ಒಂದೆರಡು ಭೂತಗನ್ನಡಿ. ಎಲೆಯ ಅಚ್ಚು ತೆಗೆಯುವಾಗ ನರಗಳು ಉಬ್ಬಿರುವ ಹಿಂಬದಿ ಮೇಲಕ್ಕೆ ಇರಲಿ. ಉಳಿದದ್ದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ತೊಡಕಿರುವುದು ‘ಒಂದು ಎಲೆ’ ಎಂಬಲ್ಲಿ. ಹೊಂಗೆಮರದ ಕೆಳಗೆ ಈ ಮಾತು ಹೇಳಿ ನೋಡಿ. ಹತ್ತಕ್ಕೆ ಒಂಬತ್ತು ಮಕ್ಕಳು ಅಂಗೈಯಗಲದ, ಹೊಳೆಯುವ ಹಸಿರು ತುಂಡೊಂದನ್ನು ಕಿತ್ತು ತರುತ್ತಾರೆ. ಅದು ಎಲೆಯಲ್ಲ, ಎಲೆಯ ಒಂದು ಭಾಗ. ಹೊಂಗೆಯ ಎಲೆಯೆಂದರೆ ಸಾಮಾನ್ಯವಾಗಿ ಐದು ಅಥವಾ ಏಳು ಕಿರುಎಲೆಗಳು ಒಂದೇ ದಂಟಿಗೆ ಕೂಡಿಕೊಂಡಿರುವ ಇಡೀ ರಚನೆ. ಇದು ಸಂಯುಕ್ತ ಎಲೆ. ಆಲ, ಅರಳಿ, ಮಾವು, ಹಲಸಿನದು ಸರಳ ಎಲೆ, ಒಂದು ತೊಟ್ಟಿಗೆ ಒಂದೇ ಹಸಿರು ಹರಹು. ಇಷ್ಟು ಪುಸ್ತಕದಲ್ಲೇ ಇದೆ. ಆದರೆ ಕೈಯಲ್ಲಿ ಹಿಡಿದಿರುವುದು ಎಲೆಗಳಿರುವ ಸಣ್ಣ ಕಡ್ಡಿಯೋ ಅಥವಾ ಇಡಿಯಾಗಿ ಒಂದೇ ಎಲೆಯೋ ಎಂದು ಹೇಗೆ ತಿಳಿಯುವುದು? ನನಗೆ ಬಹಳ ಹೊತ್ತು ಹಿಡಿಸಿದ ಹಂತ ಇದು. ಆದ್ದರಿಂದ ಇದನ್ನೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನೋಡಬೇಕಾದದ್ದು ಹಸಿರು ಹರಹನ್ನಲ್ಲ, ತೊಟ್ಟಿನ ಬುಡವನ್ನು. ಎಲೆಯ ತೊಟ್ಟು ಕೊಂಬೆಗೆ ಸೇರುವ ಕಡೆ, ಮೇಲ್ಬದಿಯಲ್ಲಿ, ಒಂದು ಕಂಕುಳು ಇರುತ್ತದೆ. ಅಲ್ಲಿ ಪುಟ್ಟ ಮೊಗ್ಗೊಂದು ಕುಳಿತಿರುತ್ತದೆ. ಮುಂದೆ ಅದು ಹೊಸ ರೆಂಬೆಯಾಗಬಹುದು, ಹೂಗೊಂಚಲಾಗಬಹುದು, ಏನೂ ಆಗದೆ ಸುಮ್ಮನಿರಲೂಬಹುದು. ಎಲೆಗೆ ಈ ಕಂಕುಳ ಮೊಗ್ಗು ಉಂಟು, ಕಿರುಎಲೆಗೆ ಇಲ್ಲ. ಹೊಂಗೆಯ ಒಂದೊಂದು ಕಿರುಎಲೆಯ ಬುಡವನ್ನೂ ಭೂತಗನ್ನಡಿಯಲ್ಲಿ ಹುಡುಕಿ, ಖಾಲಿ. ದಂಟನ್ನು ಹಿಡಿದು ಕೆಳಗಿಳಿಯುತ್ತ ಬನ್ನಿ. ಅದು ಕೊಂಬೆಗೆ ಕೂಡುವ ಜಾಗದಲ್ಲಿ ಮೊಗ್ಗು ಸಿಗುತ್ತದೆ. ಅಲ್ಲಿಂದ ಮೇಲಿನದೆಲ್ಲ ಒಂದೇ ಎಲೆ.

ಕೊಂಬೆಯ ತೀರಾ ತುದಿಯಲ್ಲಿ ಹುಡುಕಬೇಡಿ. ಅಲ್ಲಿ ಎಲ್ಲವೂ ಎಳೆಯದು, ಮೊಗ್ಗು ಕಣ್ಣಿಗೆ ಬೀಳುವುದಿಲ್ಲ. ನಾಲ್ಕಾರು ಎಲೆ ಕೆಳಗೆ ಬಂದು, ಕಡ್ಡಿ ಗಟ್ಟಿಯಾದ ಕಡೆ ನೋಡಿ. ಎಲೆ ಉದುರಿದ ಜಾಗದಲ್ಲೂ ನೋಡಬಹುದು. ಬೇವಿನ ಕಡ್ಡಿಯ ಮೇಲೆ ಉದುರಿದ ಎಲೆಗಳ ಗುರುತುಗಳು ಚೆನ್ನಾಗಿ ಕಾಣುತ್ತವೆ, ಮೊಗ್ಗಿರುವುದು ಆ ಗುರುತಿನ ನೆತ್ತಿಯ ಮೇಲೆ.

ಮೊಗ್ಗು ಎಂದರೆ ಮಕ್ಕಳಿಗೆ ನಂಬಿಕೆ ಬರುವುದಿಲ್ಲ, ಅಷ್ಟು ಸಣ್ಣದು. ನಮ್ಮ ತುಮಕೂರು ಜಿಲ್ಲೆಯಲ್ಲಿ ಇದಕ್ಕೆ ತಕ್ಕ ಸಾಕ್ಷಿ ತೋಟತೋಟದಲ್ಲೂ ನಿಂತಿದೆ. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯ ಯಾವ ಮಗುವನ್ನಾದರೂ ಕೇಳಿ, ತೆಂಗಿನ ಹೊಂಬಾಳೆ ಎಲ್ಲಿಂದ ಹೊರಡುತ್ತದೆ ಎಂದು. ಗರಿಯ ಬುಡದಿಂದ! ಫಲಕ್ಕೆ ಬಂದ ಮರದಲ್ಲಿ ಒಂದು ಗರಿಯ ಕಂಕುಳಿಗೆ ಒಂದು ಹೊಂಬಾಳೆ. ಹಾಗಾದರೆ ಎಲೆ ಯಾವುದು? ಇಡೀ ಗರಿಯೇ ಒಂದು ಎಲೆ. ಪೊರಕೆಗೆಂದು ಹೆರೆಯುವ ಒಂದೊಂದು ಕಡ್ಡಿಯೂ ಒಂದೊಂದು ಕಿರುಎಲೆಯ ನಡುನರ. ಒಂದು ಗರಿಯಲ್ಲಿ ಇನ್ನೂರಕ್ಕೂ ಹೆಚ್ಚು ಕಿರುಎಲೆಗಳಿರುತ್ತವೆ. ಬಲಿತ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಗರಿ ಬಿಡುತ್ತದೆ, ಅಂದರೆ ತಿಂಗಳಿಗೆ ಒಂದೇ ಎಲೆ. ಬಿದ್ದ ಗರಿಯ ಪಕ್ಕದಲ್ಲಿ ಮಕ್ಕಳನ್ನು ಸಾಲಾಗಿ ಮಲಗಿಸಿ ಅಳತೆ ಮಾಡಿಸಿ. ತಮಗಿಂತ ಉದ್ದದ ಎಲೆಯನ್ನು ಅವರು ಮರೆಯುವುದಿಲ್ಲ. ಈ ಚಟುವಟಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಸಮಯ ಸಾಲದಿದ್ದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನೇ ಮಾಡಿಸಿದರೂ ಸರಿ.

ಅಡುಗೆಮನೆಯಲ್ಲೂ ಸಾಕ್ಷಿಗಳಿವೆ. ಒಗ್ಗರಣೆಗೆ ಹಾಕುವ ಒಂದು ಎಸಳು ಕರಿಬೇವು, ಬೆರಳಲ್ಲಿ ಬಿಡಿಸುವುದಕ್ಕೆ ಮೊದಲು, ಒಂದೇ ಎಲೆ. ನುಗ್ಗೆಯದು ಕವಲೊಡೆದು ಮತ್ತೆ ಕವಲೊಡೆಯುವ ಎಲೆ. ಸೊಪ್ಪು ಬಿಡಿಸುವಾಗ ಉದುರುವ ಚೂರುಗಳೆಲ್ಲ ಅದರ ಕಿರುಎಲೆಗಳು. ಬಿಲ್ವದಲ್ಲಿ ಮೊಗ್ಗನ್ನು ಹುಡುಕುವ ಬದಲು ಮುಳ್ಳನ್ನು ನೋಡಿದರೆ ಸಾಕು. ಅದಿರುವುದು ಮೂರೂ ದಳ ಕೂಡಿದ ತೊಟ್ಟಿನ ಕಂಕುಳಲ್ಲಿ, ಒಂದೊಂದು ದಳಕ್ಕೂ ಬೇರೆ ಬೇರೆ ಮುಳ್ಳಿಲ್ಲ.

ಇನ್ನು ನೆಲ್ಲಿ. ಹುಣಸೆಯ ಎಲೆ ಮತ್ತು ನೆಲ್ಲಿಯ ಗರಿಯಂಥ ರೆಂಬೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಎರಡೂ ಸಂಯುಕ್ತ ಎಲೆಗಳೆಂದೇ ಅನಿಸುತ್ತದೆ. ನಡುವೆ ದಂಟು, ಎರಡೂ ಬದಿ ಪುಟ್ಟ ಪುಟ್ಟ ಹಸಿರು ಸಾಲು, ಎಲ್ಲವೂ ಒಂದೇ ಸಮತಲದಲ್ಲಿ. ಹುಣಸೆಯದು ನಿಜಕ್ಕೂ ಸಂಯುಕ್ತ ಎಲೆ. ನೆಲ್ಲಿಯದಲ್ಲ! ನೆಲ್ಲಿಯ ಪ್ರತಿಯೊಂದು ಪುಟಾಣಿಯೂ ಪೂರ್ತಿ ಸರಳ ಎಲೆ, ನಡುವಿನದು ತೆಳು ರೆಂಬೆ. ಆ ರೆಂಬೆ ಎಲೆಯ ಹಾಗೆ ಇಡಿಯಾಗಿ ಉದುರಿಬಿಡುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ಆಕಾರ, ಸಾಲು, ಉದುರುವ ಬಗೆ ಇವು ಮೂರೂ ಇಲ್ಲಿ ಕೈಕೊಡುತ್ತವೆ, ಕಂಕುಳೊಂದೇ ನಿಜ ಹೇಳುತ್ತದೆ. ಹೂಬಿಡುವ ಕಾಲದಲ್ಲಿ ನೆಲ್ಲಿಯ ಈ ರೆಂಬೆಯ ಕೆಳಭಾಗದ ಕಂಕುಳುಗಳಲ್ಲಿ ಹಸಿರು ಹಳದಿಯ ಸಣ್ಣ ಹೂಗಳಿರುತ್ತವೆ. ಹುಣಸೆಯ ಕಿರುಎಲೆಗಳ ನಡುವೆ ಹೂವಾಗಲಿ ಕಾಯಾಗಲಿ ಎಂದೂ ಮೂಡುವುದಿಲ್ಲ.

ನೆಲ್ಲಿಮರ ಎತ್ತರವಾಯಿತೆಂದರೆ ನೆಲ ನೋಡಿ. ಮಳೆಯಾದ ಮೇಲೆ ಹೊಲದ ಬದುವಿನಲ್ಲಿ, ಶಾಲೆಯ ಗೋಡೆಯ ಬುಡದಲ್ಲಿ ಕಿರುನೆಲ್ಲಿ ಹುಟ್ಟಿರುತ್ತದೆ. ಅದರ ರೆಂಬೆಯನ್ನು ತಿರುವಿ ಹಿಡಿದರೆ ಪ್ರತಿ ಎಲೆಯ ಕಂಕುಳಿನಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಯಿಗಳು ಸಾಲಾಗಿ ತೂಗುತ್ತಿರುತ್ತವೆ. ಕಾಯಿ ಇರುವಲ್ಲಿ ಮೊಗ್ಗಿತ್ತು, ಮೊಗ್ಗಿದ್ದಲ್ಲಿ ಎಲೆಯಿದೆ. ಇಷ್ಟು ಹೇಳಿಕೊಟ್ಟರೆ ಐದನೆಯ ತರಗತಿಯ ಮಗು ತಾನೇ ತೀರ್ಮಾನಕ್ಕೆ ಬರುತ್ತದೆ. ನಾವು ಉತ್ತರ ಹೇಳದೆ ಕಾಯಬೇಕು ಅಷ್ಟೆ, ಅದು ಸುಲಭವಲ್ಲ.

ಎಚ್ಚರಿಕೆಗಳು: ಕಾಂಗ್ರೆಸ್ ಗಿಡವನ್ನು ಮುಟ್ಟಿಸಬೇಡಿ, ಕೆಲವರ ಚರ್ಮಕ್ಕೆ ಆಗುವುದಿಲ್ಲ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ನಸುಗುನ್ನಿ ಬಳ್ಳಿಯ ಕಾಯಿಯ ರೋಮ ತಾಗಿದರೆ ತಡೆಯಲಾರದ ತುರಿಕೆ. ದೇವರಾಯನದುರ್ಗ, ನಾಮದ ಚಿಲುಮೆಯ ಕಡೆ ಹೋದರೆ ಬಂಡೆಗಳಲ್ಲಿ ಹೆಜ್ಜೇನು ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಅದು ಅರಣ್ಯ ಪ್ರದೇಶವಾದ್ದರಿಂದ ಅಲ್ಲಿ ಏನನ್ನೂ ಕೀಳಬಾರದು. ಕಂಕುಳು ನೋಡಲು ಕೀಳುವ ಅಗತ್ಯವೂ ಇಲ್ಲ, ರೆಂಬೆಯನ್ನು ಮೆಲ್ಲಗೆ ಬಾಗಿಸಿದರೆ ಸಾಕು.